ಮುದಿ ಕುದುರೆಗೆಷ್ಟು ಹೇರು

ಆಟ್‌-ಬಾಶಿಯ ಶಾಲೆಯಲ್ಲಿ ನಾನು ಒಲೆ ಉರಿಸುವವನು.
ಬೆಳಗಿನ ಐದಕ್ಕೆ ಕಲ್ಲಿದ್ದಲು, ಎಂಟಕ್ಕೆ ಬೂದಿ.
ಅದಕ್ಕೂ ಮೊದಲು ಮೂವತ್ತು ವರ್ಷ ಕುದುರೆ ಮೇಯಿಸಿದವನು,
ಆದ್ದರಿಂದ ಯಾವುದನ್ನು ಕಂಡರೂ
ಮೊದಲು ಅದರ ಬೆನ್ನು ನೋಡುತ್ತೇನೆ.

ಬಿಷ್ಕೆಕ್‌ನ ಯಾವುದೋ ಬ್ಯಾಂಕು ಬಾಗಿಲು ಹಾಕಿಕೊಂಡಾಗ
ಹನ್ನೊಂದು ಕಂಪ್ಯೂಟರು ನಮ್ಮ ಪಾಲಿಗೆ ಬಂದವು,
ಆಲೂಗಡ್ಡೆ ಲಾರಿಯಲ್ಲಿ, ಕಂಬಳಿ ಹೊದ್ದು.
ಒಂದರ ಮೈಮೇಲೆ ಇನ್ನೂ ಚೀಟಿ ಇತ್ತು:
ಸಾಲ ವಿಭಾಗ, ಮೂರನೇ ಕಿಟಕಿ.
ಬೇಗಾಯಿಮ್ ಟೀಚರ್ ಒಂದಕ್ಕೆ ಹೊಸ ಸಿಸ್ಟಮ್ ಹಾಕಿದಳು.
ಗುಂಡಿ ಒತ್ತಿದಳು. ಕಾದಳು.
ನಾನು ಬೂದಿ ತೋಡಿ, ಹೊರಗೆ ಸುರಿದು, ಕೈ ತೊಳೆದು ಬಂದೆ;
ಪರದೆಯ ಮೇಲೆ ಚುಕ್ಕಿಗಳು
ಕಣ ತುಳಿಯುವ ಕುದುರೆಯ ಹಾಗೆ
ಸುತ್ತುತ್ತಲೇ ಇದ್ದವು.

'ಎಷ್ಟಿದೆ ಇದರ ಬೆನ್ನು?' ಅಂದೆ.
'ಐನೂರ ಹನ್ನೆರಡು ಎಂಬಿ.'
'ಹೊರೆ ಎಷ್ಟು?'
'ಅದರ ಎಂಟರಷ್ಟು.'
ಎಂಬಿ ಎಂದರೆ ಕಿಲೋನೋ ಮೂಟೆಯೋ ನನಗೆ ಗೊತ್ತಿಲ್ಲ.
ಎಂಟರಷ್ಟು ಅಂದರೆ ಗೊತ್ತು:
ಕುದುರೆ ಮಂಡಿಯೂರುತ್ತದೆ, ಆಮೇಲೆ ಏಳುವುದಿಲ್ಲ.

ಆ ಚಳಿಗಾಲ ಅವಳು ಹೇರು ಇಳಿಸಲು ಕೂತಳು.
ಒಲೆಯ ಪಕ್ಕದ ಮೇಜು, ಬೆರಳು ಕತ್ತರಿಸಿದ ಕೈಗವಸು.
ಅಡಿಪಾಯ ಯಾರೋ ದೂರದವರು ಬರೆದದ್ದು,
ಮುಖ ಕಾಣದವರು, ಹಳೆಯ ಯಂತ್ರಗಳ ಮೇಲೆ ಮರುಕವಿದ್ದವರು.
ಅದರ ಮೇಲಿಂದಲೂ ಅವಳು ತೆಗೆಯುತ್ತಲೇ ಹೋದಳು.
ಶುರುವಾಗುವಾಗಿನ ಸಂಗೀತ.
ಕಿಟಕಿಗಳ ಅಂಚಿಗೆ ಬೀಳುವ ನೆರಳು.
ಪ್ರಿಂಟರಿನ ದಾರಿ ಕಾಯುತ್ತ ಒಳಗೆಲ್ಲೋ
ಹಗಲಿರುಳು ಎಚ್ಚರವಿದ್ದ ಒಂದು ಆಳು.
ಪ್ರಿಂಟರೇ ಇಲ್ಲ ನಮ್ಮಲ್ಲಿ, ಪಾಪ, ಯಾರನ್ನು ಕಾಯುತ್ತಿತ್ತೋ.
ಸಂಜೆಗೊಮ್ಮೆ ಎಷ್ಟು ಇಳಿಯಿತೆಂದು ಹೇಳುವಳು,
ನಾನು ಗೋಡೆಯ ಮೇಲೆ ಇದ್ದಿಲಲ್ಲಿ ಗೀಚುವೆ.
ನನಗೂ ರುಚಿ ಹತ್ತಿತ್ತು. 'ಇನ್ನೂ ತೆಗಿ' ಅನ್ನುತ್ತಿದ್ದೆ.
ನನ್ನಮ್ಮ ಒಂದೇ ಗಂಟೆಯಲ್ಲಿ ಇಡೀ ಮನೆ ಮಡಚುತ್ತಿದ್ದಳು:
ಗುಡಾರದ ತಟ್ಟಿ, ಕಂಬಳಿ, ತೊಟ್ಟಿಲು, ಕಡಾಯಿ
ಎಲ್ಲ ಎರಡು ಕುದುರೆಗೆ.

ಫೆಬ್ರವರಿಯ ಒಂದು ಮಧ್ಯಾಹ್ನ
ಹನ್ನೊಂದರಲ್ಲಿ ಹತ್ತು ಎದ್ದು ನಿಂತವು,
ಚಹಾ ಕುದಿಯುವಷ್ಟರೊಳಗೆ.
ಮಕ್ಕಳು ನುಗ್ಗಿದರು, ಒಂದೊಂದಕ್ಕೆ ಮೂವರು.
ಯಾರೇ ಕೂತರೂ ಮೊದಲು ಬರೆಯುವುದು ತನ್ನ ಹೆಸರು.

ಓಮುರ್ಜಾಕ್ ಬರೆದ.
ಮೊದಲಕ್ಷರ ಬರಬೇಕಾದಲ್ಲಿ ಒಂದು ಖಾಲಿ ಚೌಕ.
'ಮ' ಸರಿಯಾಗಿ ಬಂತು. ಮತ್ತೆ ಖಾಲಿ ಚೌಕ.
ಅಳಿಸಿ, ಬೆರಳು ಒರೆಸಿಕೊಂಡು, ಮತ್ತೆ ಬರೆದ.
ತಪ್ಪು ತನ್ನದೇ ಅನ್ನುವಂತೆ
ಟೀಚರ್ ಕಡೆ ನೋಡಿದ.

ರಷ್ಯನ್ನಿನಲ್ಲಿ ಇಲ್ಲದ ನಮ್ಮ ಮೂರು ಅಕ್ಷರ,
ದಪ್ಪ ಫಾಂಟು ಬೇಡವೆಂದು ಕಿತ್ತಾಗ ಅದರ ಜೊತೆ ಹೋಗಿದ್ದವು.
ಹದಿನೆಂಟು ಎಂಬಿ. ಗೋಡೆಯ ಮೇಲೆ ನನ್ನದೇ ಗೀಟು.
ಅವತ್ತು ಖುಷಿಗೆ ಇಬ್ಬರೂ ಚಹಾಕ್ಕೆ
ಒಂದೊಂದು ಸಕ್ಕರೆ ಹೆಚ್ಚು ಹಾಕಿಕೊಂಡಿದ್ದೆವು.
ಓಮುರ್ ಅಂದರೆ ನಮ್ಮಲ್ಲಿ ಆಯುಸ್ಸು.
ಹುಡುಗನ ಆಯುಸ್ಸಿಗೆ ಎರಡು ತೂತು ಕೊರೆದಿದ್ದೆವು.

ಅಕ್ಷರಗಳು ಆ ರಾತ್ರಿಯೇ ವಾಪಸು ಬಂದವು.
ಅವಕ್ಕೆ ಜಾಗ ಬೇಕಲ್ಲ,
ಪರದೆಯ ಹಿಂದಿನ ಚಿತ್ರಗಳ ಕಂತೆ ಹೋಯಿತು:
ನೀಲಿ ಸರೋವರ, ಯಾವುದೋ ದೇಶದ ಹಿಮಬೆಟ್ಟ.
ಈಗ ಅಲ್ಲಿ ಬರೀ ಬೂದು ಬಣ್ಣ.
ಮಕ್ಕಳು ಕೇಳಿದರೆ ನಾನು ಕಿಟಕಿಯ ಮಂಜು ಒರೆಸಿ
ಬೆಟ್ಟ ತೋರಿಸುತ್ತೇನೆ.
ಅದನ್ನು ಯಾವ ಕುದುರೆಯೂ ಹೊರಬೇಕಾಗಿಲ್ಲ.

ಹನ್ನೊಂದನೆಯದು, ಸಾಲ ವಿಭಾಗದ್ದು, ಇನ್ನೂ ಎದ್ದಿಲ್ಲ.
ಬೇಗಾಯಿಮ್ ಅದರ ಹೊಟ್ಟೆ ಬಿಚ್ಚಿಟ್ಟಿದ್ದಾಳೆ.
ರಾತ್ರಿ ಬೀಗ ಹಾಕುವ ಮೊದಲು ಅದನ್ನು
ಒಲೆಯ ಹತ್ತಿರಕ್ಕೆ ಸ್ವಲ್ಪ ಸರಿಸುತ್ತೇನೆ.
ಪ್ರಯೋಜನವಿಲ್ಲ ಅನ್ನುತ್ತಾಳೆ ಅವಳು.
ಇರಬಹುದು.