ಸೆಕೆಂಡಿನ ಮುಳ್ಳಿಲ್ಲದ್ದು

ಖಡೇಬಜಾರಿನಲ್ಲಿ ಬಳೆಯಂಗಡಿಗೂ ಛತ್ರಿ ರಿಪೇರಿಗೂ ನಡುವೆ
ಬಾಗಿಲಿನಷ್ಟೇ ಅಗಲದ ಅಂಗಡಿ.
ದಸ್ತಗೀರ ಘಡ್ಯಾಳಿ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ
'ಸೆಲ್ಲೇನ್ರಿ ಸಿಸ್ಟರ್?' ಅಂದ.
ಅಲ್ಲಪ್ಪ, ಬಂಗಾರದ ವಾಚು. ನನಗೇ.

ಆಗ ಭೂತಗನ್ನಡಿ ಇಳಿಯಿತು.

ಮೂವತ್ತೊಂದು ವರ್ಷ ಸಿವಿಲ್ ಆಸ್ಪತ್ರೆಯಲ್ಲಿ
ನನ್ನ ಮುಂಗೈ ಬರಿದು.
ಬಳೆ ಬೇಡ, ಉಂಗುರ ಬೇಡ, ಮೊಳಕೈತನಕ ಸಾಬೂನು;
ವಾಚು ಎದೆಯ ಮೇಲೆ, ಪಿನ್ನಿಗೆ, ತಲೆಕೆಳಗಾಗಿ,
ನನಗಷ್ಟೇ ನೆಟ್ಟಗೆ ಕಾಣುವಂತೆ.
ಎರಡು ತೊಲೆಯ ಪಾಟ್ಲಿ ಬ್ಯಾಂಕಿನ ಲಾಕರಿನಲ್ಲಿ
ನನಗಿಂತ ಮೊದಲೇ ನಿವೃತ್ತಿಯಾಗಿದ್ದವು.
ನಿನ್ನೆ ಶಹಾಪುರದ ಪತ್ತಾರನ ತಕ್ಕಡಿಗೆ ಹಾಕಿ ಬಂದೆ.
'ಸರ ಮಾಡಿಸ್ಕೋ' ಅಂದಳು ತಂಗಿ,
'ಹೊತ್ತು ನೋಡಾಕ ಮೊಬೈಲ್ ಐತಲ್ಲ.'
ಹೊತ್ತು ನೋಡಲಿಕ್ಕಲ್ಲವೇ, ಅಂದೆ. ಮತ್ತೆ ಯಾತಕ್ಕೆಂದು
ಅವಳು ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ನೀಲಿ ಮಖಮಲ್ಲಿನ ಮೇಲೆ ಮೂರು ಇಟ್ಟ.
ಒಂದಕ್ಕೆ ರೋಮನ್ ಅಂಕಿ, ಬಂಗಾರದ್ದೇ ಪಟ್ಟಿ,
ನಿಬ್ಬಣದ ಬೀಗರ ಹಾಗೆ ಮೈತುಂಬ ಸಡಗರ.
ಇನ್ನೊಂದು ಹೆಂಗಸರದು, ಹುಣಸೆಬೀಜದಷ್ಟು ಮುಖ;
ಓದಲು ಚಾಳೀಸು ಬೇಕು,
ಚಾಳೀಸು ಹುಡುಕುವಷ್ಟರಲ್ಲಿ ಗಂಟೆಯೇ ಬದಲು.
ಮೂರನೆಯದು ಹಳೆಯದು, ಬಿಸ್ಕೀಟಿಗಿಂತ ತೆಳು,
ಕೆನೆಗಟ್ಟಿದ ಹಾಲಿನ ಬಣ್ಣ, ಅಂಕಿಯ ಜಾಗದಲ್ಲಿ ಗೀರು,
ತಾರೀಖಿನ ಕಿಂಡಿ ಇಲ್ಲ. ಎರಡೇ ಮುಳ್ಳು.

'ಇದಕ್ಕ ಸೆಕೆಂಡ್ ಮುಳ್ಳಿಲ್ರಿ,' ತಪ್ಪೊಪ್ಪುವವನಂತೆ ಹೇಳಿದ,
'ಮ್ಯಾಲ ಇದು ಗಂಡಸರದು. ದಿನಾ ಚಾವಿ ಕೊಡಬೇಕು.'

ಸೆಕೆಂಡಿನ ಮುಳ್ಳು.
ಹದಿನೈದು ಎಣಿಸು, ನಾಲ್ಕರಿಂದ ಗುಣಿಸು.
ಸಲೈನಿನ ಹನಿ, ಎರಡು ಬೇನೆಗಳ ನಡುವಿನ ಬಿಡುವು,
ಮಗು ಅಳುವ ತನಕದ ಮೌನ.
ಉದ್ಯಮಬಾಗದ ಫೌಂಡ್ರಿಯಿಂದ ತಂದ ಹುಡುಗನ ಕೈ ಹಿಡಿದು
ಪೂರಾ ಒಂದು ಸುತ್ತು ಎಣಿಸಿದೆ, ಮತ್ತೊಂದು ಸುತ್ತು;
ಡಾಕ್ಟರು ಬಂದು ನನ್ನ ಬೆರಳು ಬಿಡಿಸಿದರು.
ಮೂರು ನಲವತ್ತು ಎಂದು ಬರೆದೆ.
ಮೂರು ಮೂವತ್ತೆಂಟೂ ಇರಬಹುದಿತ್ತು.

ಇದನ್ನೇನೂ ಘಡ್ಯಾಳಿಗೆ ಹೇಳಲಿಲ್ಲ.
ಹೇಳಿದ್ದು ಇನ್ನೊಂದು: ಒಂದು ವರ್ಷ ನನ್ನ ವಾಚು
ಏಳು ನಿಮಿಷ ಮುಂದಿತ್ತು, ದೀಪಾವಳಿತನಕ ಯಾರಿಗೂ ತಿಳಿಯಲಿಲ್ಲ.
ಆ ಸಲ ನನ್ನ ಪಾಳಿಯಲ್ಲಿ ಹುಟ್ಟಿದವರ ಜಾತಕವೆಲ್ಲ
ಏಳು ನಿಮಿಷ ಸುಳ್ಳು;
ಆದರೂ ಲಗ್ನವಾಗಿವೆ, ಒಂದೆರಡು ಮುರಿದಿವೆ, ಎಲ್ಲರ ಹಾಗೇ.
ಅವನು ನಕ್ಕು ನಕ್ಕು ಸ್ಟೂಲು ಹಿಡಿದುಕೊಂಡ.
'ಯಾವ ಇಸವಿರಿ ಅದು? ನಮ್ಮ ಹುಡುಗಿ ಸೈತ ನಿಮ್ಮಲ್ಲೇ...'
ನಾನು ಇಸವಿ ಹೇಳಲಿಲ್ಲ.

ಬೆನ್ನಿನ ಮುಚ್ಚಳ ತೆಗೆದು ತೋರಿಸಿದ. ಒಳಗೆ ಕೆಂಪು ಹರಳು,
ಕೂದಲೆಳೆಯ ಸುರುಳಿಯೊಂದು ಉಸಿರಾಡುತ್ತಿತ್ತು.
ಬಿಡದ ಚಾಳಿ: ಕಿವಿಗೆ ಹಿಡಿದು
ಗೋಡೆಯ ಗಡಿಯಾರ ನೋಡುತ್ತ ಎಣಿಸಿದೆ. ತಪ್ಪಿತು.
ಸೆಕೆಂಡಿಗೆ ಐದು, ಅಂದ. ಅಂದರೆ ನಿಮಿಷಕ್ಕೆ ಮುನ್ನೂರು.
'ಯಪ್ಪಾ, ಇದನ್ನ ಐಸಿಯುಗೆ ಹಾಕ್ರಿ.'

ಬಂಗಾರ ಖರೆಯೇನಪ್ಪ? ಹದಿನೆಂಟು ಕ್ಯಾರೆಟ್ಟು, ಮುದ್ರೆ ನೋಡ್ರಿ.
ಮುದ್ರೆಯ ಪಕ್ಕ ರಿಪೇರಿಯವರು ಸೂಜಿಯಿಂದ ಗೀಚಿದ ತಾರೀಖುಗಳು,
ಕೊನೆಯದು ಅವನ ಅಜ್ಜನ ಅಕ್ಷರ.
ಕಂದು ಚರ್ಮದ ಪಟ್ಟಿ ಹಾಕಿ, ನನ್ನ ಮಣಿಕಟ್ಟಿಗೆಂದು
ಒಂದು ತೂತು ಹೆಚ್ಚಿಗೆ ಹೊಡೆದ.
ಚೌಕಾಸಿ ಮಾಡಿದೆ, ಯಾಕೆ ಬಿಡಲಿ.

ಬಸ್ ಸ್ಟ್ಯಾಂಡಿನ ಕಡೆ ನಡೆಯುವಾಗ
ಶೇವಂತಿಗೆ ಬುಟ್ಟಿಯ ಮುದುಕಿ 'ಕಿತಿ ವಾಜ್ಲೇ ಬಾಯಿ?' ಅಂದಳು.
ಕೈ ಮೊದಲು ಎದೆಗೆ ಹೋಯಿತು. ಅಲ್ಲೇನೂ ಇಲ್ಲ.
ಆಮೇಲೆ ಮುಂಗೈ ತಿರುವಿದೆ,
ದೊಡ್ಡ ಮುಳ್ಳು ಎರಡು ಗೀರುಗಳ ನಡುವೆ ಎಲ್ಲೋ ಇತ್ತು.
ಯಾವ ರಿಜಿಸ್ಟರಿನಲ್ಲೂ ನಾನು ಬರೆಯದ ಒಂದು ಮಾತು
ಬಾಯಿಗೆ ಬಂತು:
ಸುಮಾರು
ನಾಲ್ಕು.