ಮೊದಲರ್ಧ

ಗ್ಯುಮ್ರಿಯಲ್ಲಿ, ಮಂಗಳವಾರ ನಾಲ್ಕಕ್ಕೆ
ವರಾಜ್ದಾತ್ ಬರುತ್ತಾರೆ. ಎಂಬತ್ತರ ಹತ್ತಿರ.
ಟೊಪ್ಪಿ ತೆಗೆದು ಮೊಣಕಾಲಿಗೆ ತೊಡಿಸುತ್ತಾರೆ,
ಅದಕ್ಕೂ ಚಳಿ ಎಂಬಂತೆ.

ಎಂಟನೇ ವಾರ ಆ ಪದ ಹೇಳಿದೆ:
ಪಾಪಪ್ರಜ್ಞೆ.
ತರಬೇತಿಯಲ್ಲಿ ಹೇಳಿಕೊಟ್ಟಷ್ಟೇ ಮೆತ್ತಗೆ.
ನಕ್ಕರು. "ಪ್ರಜ್ಞೆ ನಿಮ್ಮದು, ಡಾಕ್ಟರಮ್ಮ, ಇಟ್ಟುಕೊಳ್ಳಿ.
ನನ್ನದು ಬರೀ ಮೊದಲರ್ಧ."

ಒಂದಕ್ಕೆ ಮೂರು ಹಾಕಬೇಕಿದ್ದ ಮರಳು
ಒಂದಕ್ಕೆ ಏಳು. ಉಳಿದ ಸಿಮೆಂಟು
ಮೇಲಿನವರ ಬೇಸಿಗೆಮನೆಗೆ ಹೋಯಿತು,
ಎರಡು ಚೀಲ ಇವರ ಬಚ್ಚಲಿಗೆ.
ಡಿಸೆಂಬರಿನ ಆ ಬೆಳಿಗ್ಗೆ ನೆಲ ನಡುಗಿದಾಗ
ಬಚ್ಚಲು ನಿಂತಿತು.
ಶಾಲೆಯ ಮೆಟ್ಟಿಲು ನಿಲ್ಲಲಿಲ್ಲ.

ನನಗೆ ದೇವರಿಲ್ಲ. ಅಪ್ಪ ಗೋಡೆಯಿಂದ
ಶಿಲುಬೆಯ ಮೊಳೆಯನ್ನೂ ಕಿತ್ತವನು.
ನಾನು ಕಲಿತದ್ದು ಇಷ್ಟೇ: ತೂಗಬೇಡ, ಕೇಳು.
ಈ ಮನುಷ್ಯ ಮೂವತ್ತೈದು ವರ್ಷ
ತಕ್ಕಡಿ ಹೊತ್ತು ತಿರುಗಿದ್ದಾರೆ,
ನಾನು ಕುರ್ಚಿ ಕೊಡುತ್ತೇನೆ,
ಉಸಿರು ಎಣಿಸಲು ಹೇಳುತ್ತೇನೆ.
ಎಣಿಸುತ್ತಾರೆ. ಹದಿನಾಲ್ಕಕ್ಕೆ ನಿಲ್ಲಿಸುತ್ತಾರೆ.
ಯಾಕೆ ಹದಿನಾಲ್ಕು ಎಂದು ಕೇಳಲು
ನನಗೆ ಇನ್ನೂ ಎರಡು ವಾರ ಬೇಕಾಯಿತು.

"ಪಾದ್ರಿ ಐದೇ ನಿಮಿಷದಲ್ಲಿ ಕ್ಷಮಿಸಿಬಿಟ್ಟ," ಅಂದರು.
"ನಿಮ್ಮ ಹಿಂದಿನವನು, ಅದು ನಿಮ್ಮ ತಪ್ಪಲ್ಲ ಅಂದ.
ಇಬ್ಬರಿಗೂ ಅವಸರ.
ನೀವು ವಾಸಿ ಮಾಡಬೇಡಿ.
ಯಾರಾದರೂ ಒಬ್ಬರು ಹೌದು ಅನ್ನಿ, ಸಾಕು."

ಹೊರಗೆ ಕಪ್ಪು ಕಲ್ಲಿನ ಗೋಡೆಗಳ ಮೇಲೆ ಹಿಮ.
ನನ್ನ ಕೈಪಿಡಿಯಲ್ಲಿ ಈ ಪುಟ ಇರಲಿಲ್ಲ.

ಹೌದು, ಅಂದೆ.

ಅವರು ಅಳಲಿಲ್ಲ. ಟೊಪ್ಪಿ ಕೈಗೆತ್ತಿಕೊಂಡು
ಮೊದಲ ಸಲ ನೀರು ಕೇಳಿದರು.
ಪಾಪ, ಅಂದುಕೊಂಡೆ ಬಗ್ಗಿಸುತ್ತಾ.
ಯಾವ ಅರ್ಥದಲ್ಲೋ.
ಲೋಟ ತುಳುಕಿತು.