ಎಂಬತ್ತು ಡೆಸಿಬೆಲ್

ವೂಚ್ ನಗರದ ಹಳೆಯ ಹತ್ತಿಗಿರಣಿ ಈಗ ಮ್ಯೂಸಿಯಂ.
ನಾನು ಅಲ್ಲಿ ಸದ್ದು ಕೂರಿಸುವವನು.
ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ;
ನಾನು ಬಾಯಿ ಇಟ್ಟೆ, ಮೂವತ್ತೆರಡು,
ಇಟ್ಟಿಗೆಯ ಸಂದುಗಳಲ್ಲಿ.
ಯಾರಾದರೂ ಹತ್ತಿರ ಬಂದರೆ ಸೆನ್ಸರಿಗೆ ತಿಳಿದು
ಮಗ್ಗ ಎಚ್ಚರಾಗುತ್ತದೆ: ಖಟ್, ಖಟಲ್, ಖಟ್.
ನಿಜವಾದ ಮಗ್ಗ ಅಲುಗುವುದಿಲ್ಲ. ಅದಕ್ಕೆ ಬೀಗ ಹಾಕಿದೆ,
ವಿಮೆಯವರ ಷರತ್ತು.

ಶಾಲೆಯ ಮಕ್ಕಳು ಬಸ್ಸಿಳಿದು ಬರುತ್ತಾರೆ.
ಗಾಜಿನ ಮೇಜಿನ ಮೇಲೆ ಬೆರಳೆಳೆದು ನೇಯುತ್ತಾರೆ
ಬೆಳಕಿನ ಹಾಸು, ಬೆಳಕಿನ ಹೊಕ್ಕು.
ಎಳೆ ಹರಿದರೆ ಪರದೆ ಹೇಳುತ್ತದೆ: ಪರವಾಗಿಲ್ಲ, ಇನ್ನೊಮ್ಮೆ.
ನೇಯ್ದದ್ದು ಫೋನಿನಲ್ಲಿ ಮನೆಗೆ ಹೋಗುತ್ತದೆ,
ಚಳಿಗೆ ಹೊದೆಯಲು ಬಾರದ ಬಟ್ಟೆ.
ಹುಡುಗರಿಗೆ ಖುಷಿ. ನಿರ್ದೇಶಕಿಗೆ ಅಂಕಿಅಂಶ:
ಒಬ್ಬೊಬ್ಬರು ಸರಾಸರಿ ನಾಲ್ಕು ನಿಮಿಷ ನಿಂತರಂತೆ.

ಎಂಟು ಗಂಟೆ ನಿಲ್ಲುತ್ತಿದ್ದವಳು ಬಂದದ್ದು
ನವೆಂಬರಿನ ಒಂದು ಗುರುವಾರ, ಟಿಕೆಟ್ಟಿಲ್ಲದ ದಿನ.
ಬೋಗುಮಿಲಾ ಸ್ಕಿಬಾ, ಎಂಬತ್ತಮೂರು,
ಕೆಂಪು ಉಣ್ಣೆಯ ಟೋಪಿ, ಕೈಚೀಲದಲ್ಲಿ ಬೀಟ್‌ರೂಟ್.
ಹೆಡ್‌ಫೋನ್ ಕೊಟ್ಟೆ. ಒಲ್ಲೆ ಎಂದಳು.
ಕಿವಿ ಮುಟ್ಟಿ, ಆಮೇಲೆ ಮಗ್ಗ ತೋರಿಸಿದಳು:
‘ಇದು ತಿಂದಿತು.’
ಹತ್ತಿಯ ಗಿರಣಿ, ಕಿವಿಗಿಡಲು ಹತ್ತಿ ಇರಲಿಲ್ಲವೆ?
ಚೀಟಿಯಲ್ಲಿ ಬರೆದು ಕೇಳಿದೆ.
ಓದಿ ನಕ್ಕಳು. ‘ಕಿವಿಗೆ ಹತ್ತಿ ಇಟ್ಟುಕೊಂಡವರು
ಮೇಲಿನ ಮಹಡಿಯ ಕಚೇರಿಯಲ್ಲಿದ್ದರು.
ಬರೆಯುವ ತಾಪತ್ರಯ ಬೇಡ. ಬಾಯಲ್ಲೇ ಹೇಳು.’

ಗೋಡೆಗೆ ಅಂಗೈ ಒತ್ತಿದಳು,
ಮಗುವಿನ ಹಣೆಯಲ್ಲಿ ಜ್ವರ ನೋಡುವವರ ಹಾಗೆ.
‘ಸಾಲದು.’
ಎಂಬತ್ತು ಡೆಸಿಬೆಲ್ ದಾಟುವಂತಿಲ್ಲ ಎಂದೆ.
ನಿಜದ್ದು ನೂರರ ಮೇಲಿತ್ತು, ಅಷ್ಟು ಕೇಳಿಸಿದರೆ
ಜನ ನಮ್ಮ ಮೇಲೆ ದಾವೆ ಹೂಡುತ್ತಾರೆ.
ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು.
ಆಗ ಹೊಳೆಯಲಿಲ್ಲ ನನಗೆ.

ಎರಡನೇ ಕೋಣೆಯಲ್ಲಿ ಹಳೆಯ ಮೂಕಿ ಚಿತ್ರ, ಆಳೆತ್ತರ,
ನಲವತ್ತು ಸೆಕೆಂಡು, ಗಾಣದೆತ್ತಿನಂತೆ ಸುತ್ತುತ್ತದೆ:
ಮಗ್ಗಗಳ ನಡುವೆ ಇಬ್ಬರು ಹೆಂಗಸರು
ಏನೋ ಹೇಳಿ ನಗುತ್ತಾರೆ.
ಬಣ್ಣ ನಾವು ತುಂಬಿದ್ದು.
ಕೆನ್ನೆಯ ಗುಲಾಬಿ ಕಂಪ್ಯೂಟರು ಊಹಿಸಿದ್ದು.
ಕೆಳಗೆ ಬರಹ: ದುಡಿಮೆಯ ನಡುವೆ ಹರ್ಷದ ಕ್ಷಣ.

ಮೂರು ಸುತ್ತು ಬಂದರೂ ಅವಳು ಕದಲಲಿಲ್ಲ.
‘ಹರ್ಷವಂತೆ! ಎಡಗಡೆಯವಳು ಅನ್ನುತ್ತಿದ್ದಾಳೆ,
ಎದೆ ಕಟ್ಟಿದೆ, ಹಾಲು ಸೋರುತ್ತಿದೆ, ಗಂಟೆ ಎಷ್ಟು?
ಬಲಗಡೆಯವಳು, ಕ್ಯಾಮೆರಾ ಇದೆ ನಗು,
ನಗದಿದ್ದರೆ ಮತ್ತೆ ಮೊದಲಿಂದ ಮಾಡಿಸುತ್ತಾನೆ.’

ಆ ಗದ್ದಲದಲ್ಲಿ ತುಟಿ ಪಿಟಕ್ಕೆನ್ನುವುದಷ್ಟೇ ಮಾತು.
ಇಡೀ ಪಾಳಿ ತುಟಿಯಲ್ಲೇ ಜಗಳ, ಸಾಲ, ಮದುವೆಯ ಸುದ್ದಿ,
ಮೇಸ್ತ್ರಿಗೆ ಬೈಗುಳ, ಅವನ ಬೆನ್ನಿಗಲ್ಲ, ಎದುರಿಗೇ.
ಯಾವ ಮೈಕಿಗೂ ಸಿಕ್ಕಿರದ ಅದು
ಮೂವತ್ತೆರಡು ಸ್ಪೀಕರಿನಲ್ಲಿ ಎಲ್ಲಿಂದ ಬರಬೇಕು?

ಯಾರು ಅವರು, ಕೇಳಿದೆ.
‘ಗೊತ್ತಿಲ್ಲ. ನನಗಿಂತ ಮೊದಲಿನವರು.
ನನಗೆ ಕೊಟ್ಟ ಮಗ್ಗದ ಬದಿಗೆ ಯಾರೋ
ಪಿನ್ನಿನಲ್ಲಿ ಗೀರಿದ ಗೆರೆಗಳಿದ್ದವು, ದಿನ ಎಣಿಸಿದ್ದಿರಬೇಕು.’
ಬೀಟ್‌ರೂಟಿನ ಚೀಲ ಎತ್ತಿಕೊಂಡು ಹೊರಟಳು.

ಈಗ ಬರಹ ಬದಲಾಗಿದೆ.
‘ಸೋರುತ್ತಿದೆ’ ಮಕ್ಕಳಿಗೆ ಸರಿಯೆ ಎಂದು
ನಿರ್ದೇಶಕಿ ಒಂದು ವಾರ ಯೋಚಿಸಿದಳು.
ಗುಲಾಬಿ ಅಳಿಸಿದೆವು.
ಆ ಕೋಣೆಯ ಸದ್ದನ್ನು ನಾನೇ ಪೂರ್ತಿ ಕಿತ್ತೆ.

ಮೊನ್ನೆ ಒಬ್ಬ ಹುಡುಗಿ, ಹತ್ತು ವರ್ಷವಿರಬಹುದು,
ಹೆಡ್‌ಫೋನನ್ನು ಕುತ್ತಿಗೆಗೆ ಇಳಿಬಿಟ್ಟು ಪರದೆಯೆದುರು
ಅವರಿಬ್ಬರ ಜೊತೆ ತುಟಿಯಾಡಿಸುತ್ತಿದ್ದಳು.
ಸೆನ್ಸರು ಹನ್ನೊಂದು ನಿಮಿಷ ಎಂದು ಬರೆದುಕೊಂಡಿತು.
ಏನಂತಿದ್ದೀಯ, ಕೇಳಿದೆ.
ತಿರುಗಿ, ತುಟಿಯಲ್ಲೇ ಅಂದಳು: ನಿಮಗಲ್ಲ.
ಅಥವಾ ಹಾಗೇನೋ.
ನನಗಿನ್ನೂ ಓದಲು ಬರುವುದಿಲ್ಲ.